ಹೊರಗೆ ನಿಂತು ಕಂಡ ಇಗರ್ಜಿ

(ಅಂಕೋಲೆಯಲ್ಲಿ ಜನವರಿ ತಿಂಗಳಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಇಟ್ಟವರು ತಮ್ಮ ಹೆಸರನ್ನು ವೇದಿಕೆಯ ಮೇಲೆ ಹೇಳಕೂಡದೆಂದು ಷರತ್ತು ಹಾಕಿದ್ದಾರಂತೆ. ದುಡ್ಡು ಕೊಟ್ಟು ಹೆಸರು ಬೇಡ ಅನ್ನುವವರು ನಮ್ಮ ಕಡೆ ಅಪರೂಪ. ಅವರಿಗೆ ಒಂದು ನಮಸ್ಕಾರ. ಸಂಘಟಕರು ಕಾರ್ಯಕ್ರಮವನ್ನು ಸಂಜೆ ಆರಕ್ಕೆ ಇಟ್ಟಿದ್ದರು. ನಾನು ಹಠ ಹಿಡಿದು ಮೂರೂವರೆಗೆ ತರಿಸಿದೆ. ಮೀನೂಟ ಮಾಡಿ ಅಡ್ಡಾಗುವ ಹೊತ್ತಿಗೆ ಎಬ್ಬಿಸಿದರಲ್ಲ ಎಂಬ ಸಿಟ್ಟು ಎರಡನೇ ಸಾಲಿನಲ್ಲಿ ಕಾಣುತ್ತಿದೆ. ಕಾರಣವಿದೆ, ಕೊನೆಗೆ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದ ಮಾಸ್ತರ. ಚಿತ್ರದ ತಾಸು ಅಂದರೆ ಗಣಿತದವರಿಗೆ ಪೋರ್ಶನ್ ಮುಗಿಸಲು ಸಾಲ ಕೊಡುವ ತಾಸು. ಉಳಿದ ತಾಸುಗಳಲ್ಲಿ ನಾನು ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ಗೊತ್ತಿರುವುದನ್ನು ಬಿಡಿಸಬೇಡಿ, ಕಂಡದ್ದನ್ನು ಬಿಡಿಸಿ. ಆ ಮಾತನ್ನು ನಾನೇ ಪಾಲಿಸಿರಲಿಲ್ಲ ಎಂದು ಗೊತ್ತಾದ ದಿನದಿಂದ ಇವತ್ತಿನ ಮಾತು ಶುರು ಮಾಡುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಜತೆಗೆ ಕೆಲಸ ಮಾಡುತ್ತಿದ್ದ ಒಬ್ಬರ ತಾಯಿ ತೀರಿಕೊಂಡರು. ಅಂಕೋಲೆಗೂ ಕಾರವಾರಕ್ಕೂ ನಡುವೆ, ಹೆದ್ದಾರಿಯಿಂದ ಕಾಣುವ ಒಂದು ಇಗರ್ಜಿ ಅವರದು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನೀವೆಲ್ಲ ಅದನ್ನೇ ನೋಡಲು ಹೋಗುತ್ತೀರಿ, ನಿಮ್ಮ ಓಣಿಯದು ಹಾಗೇ ಉಳಿಯುತ್ತದೆ. ನಾವು ಶಾಲೆಯ ಐದಾರು ಜನ ಹೋದಾಗ ಒಳಗೆ ಪೂಜೆ ನಡೆದಿತ್ತು. ಚಪ್ಪಲಿ ಬಿಡಬೇಕೋ, ಮೊಣಕಾಲೂರಬೇಕೋ, ಎಲ್ಲರೂ ಎದ್ದಾಗ ಏಳಬೇಕೋ, ಒಂದೂ ತಿಳಿಯದು. ಒಳಗೆ ಬನ್ನಿ ಎಂದು ಕರೆದರೂ ಸಂಕೋಚ. ಅಂಗಳದ ಮಾವಿನ ನೆರಳಿನಲ್ಲಿ ನಿಂತೆವು. ಉಳಿದವರು ವರ್ಗಾವಣೆಯ ಮಾತಿಗೆ ಇಳಿದರು. ನನಗೆ ವರ್ಗಾವಣೆ ಆಗಿಹೋಗಿತ್ತು, ಆಡಲು ಮಾತಿರಲಿಲ್ಲ. ಎದುರಿಗೆ ಗೋಡೆ ಇತ್ತು. ಮುಕ್ಕಾಲು ಗಂಟೆ ಅದನ್ನೇ ನೋಡಿದೆ.

ಅದಕ್ಕೂ ಮೊದಲು ಹನ್ನೊಂದು ವರ್ಷ ಆ ದಾರಿಯಲ್ಲಿ ದಿನಕ್ಕೆರಡು ಸಲ ಬಸ್ಸಿನಲ್ಲಿ ಓಡಾಡಿದ್ದೆ. ಯಾರಾದರೂ ಕೇಳಿದ್ದರೆ “ಬಿಳಿ ಇಗರ್ಜಿ” ಅನ್ನುತ್ತಿದ್ದೆ. ಅದು ಬಿಳಿಯಾಗಿರಲಿಲ್ಲ. ಕೆನೆಬಣ್ಣದ ಮೈ, ಅಂಚಿಗೆ ನೀಲಿ. “ಎರಡು ಗೋಪುರ” ಅನ್ನುತ್ತಿದ್ದೆನೇನೋ. ಇದ್ದದ್ದು ಒಂದು. ಇನ್ನೊಂದು ಬದಿಗೆ ಗೋಪುರದ ಬುಡದಷ್ಟು ಕಟ್ಟಿ ಮೇಲೆ ಪುಟ್ಟ ಕಳಸ ಇಟ್ಟು ಮುಗಿಸಿದ್ದರು. ಇಲ್ಲದ ಗೋಪುರವನ್ನು ಹನ್ನೊಂದು ವರ್ಷ ನಾನೇ ಕಟ್ಟಿಕೊಂಡಿದ್ದೆ.

ಬಸ್ಸಿನ ಮೇಲೆ ತಪ್ಪು ಹೊರಿಸಬಹುದು. ಲೆಕ್ಕ ಸುಲಭ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಊರಿನ ಇಗರ್ಜಿಯ ಮುಖ 11 ಮೀಟರ್ ಅಗಲವಿದ್ದರೆ ಅದಕ್ಕೆ ನಾವು ಕೊಡುವುದು ಅರ್ಧ ಸೆಕೆಂಡು. ಆದರೆ ಅಂಕೋಲೆ ಪೇಟೆಯಲ್ಲಿ ಕಾಲ್ನಡಿಗೆಯಲ್ಲಿ ಹೋಗುವಾಗಲಾದರೂ ಏನು ನೋಡುತ್ತೇವೆ? ಕಾಲಿಗೆ ವೇಗವಿಲ್ಲ, ತಲೆಗೆ ಇದೆ. “ಅದು ಅವರದು” ಎಂದು ಒಂದು ಸಲ ಅಂದುಕೊಂಡರೆ ಸಾಕು, ಕಣ್ಣು ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ.

‘ಅವರದು’ ಎಂಬುದನ್ನು ಸ್ವಲ್ಪ ಕೆದಕೋಣ. ಇಗರ್ಜಿ ಎಂಬುದು ಪೋರ್ಚುಗೀಸರ ‘ಇಗ್ರೇಜ’. ಪಾದ್ರಿಯೂ ಅವರದೇ ಶಬ್ದ. ಸರಿ, ಅವು ಧರ್ಮದ ಮಾತು ಅನ್ನಿ. ಆದರೆ ಬೆಳಿಗ್ಗೆ ಬಾವಿಗೆ ಬಾಲ್ದಿ ಒಯ್ಯುತ್ತೀರಿ, ಬಟಾಟೆ ಪಲ್ಯ ತಿನ್ನುತ್ತೀರಿ, ಮನೆಗೆ ಬೀಗ ಹಾಕಿ ಚಾವಿಯನ್ನು ಕಿಸೆಗೆ ಹಾಕುತ್ತೀರಿ, ತಿಂಗಳ ಕೊನೆಗೆ ಪಗಾರ ಎಣಿಸುತ್ತೀರಿ. ನಾಲ್ಕೂ ಅದೇ ಹಡಗಿನಲ್ಲಿ ಬಂದವು. ಆ ಭಾಷೆಯ ಚಾವಿಯಿಂದ ನಿತ್ಯ ನಮ್ಮ ಮನೆಯ ಬೀಗ ತೆಗೆಯುವವರು, ಆ ಭಾಷೆಯ ಕಟ್ಟಡದ ಮುಂದೆ ಬಂದಾಗ ಮಾತ್ರ ಪರಕೀಯರಂತೆ ಮುಖ ತಿರುಗಿಸುತ್ತೇವೆ.

ಕಟ್ಟಡದ ವಿಷಯಕ್ಕೆ ಬರೋಣ. ಮೊದಲು ಮುಖ. ನಮ್ಮ ಕರಾವಳಿಯ ಇಗರ್ಜಿಯನ್ನು ಎದುರಿನಿಂದ ನೋಡಿದರೆ ದೊಡ್ಡದು, ಗತ್ತಿನದು. ಹತ್ತು ಹೆಜ್ಜೆ ಬದಿಗೆ ನಡೆದು ಮೂಲೆಯಲ್ಲಿ ನಿಲ್ಲಿ. ಹಿಂದೆ ಇರುವುದು ನಿಮ್ಮ ನಮ್ಮ ಮನೆಯಂಥ ಇಳಿಮಾಡು, ಹಂಚಿನ ಹೊದಿಕೆ. ಮುಂದಿನ ಗೋಡೆ ಮಾತ್ರ ಮಾಡಿನ ನೆತ್ತಿಗಿಂತ ಎತ್ತರಕ್ಕೆ ಎದ್ದು ಒಂಟಿಯಾಗಿ ಆಕಾಶದಲ್ಲಿ ನಿಂತಿದೆ. ಅದರ ಹಿಂದೆ ಕೋಣೆಯಿಲ್ಲ, ಮಾಡಿಲ್ಲ, ಆತುಕೊಳ್ಳಲು ಒಂದೆರಡು ಒತ್ತುಗೋಡೆ ಅಷ್ಟೇ. ಯಕ್ಷಗಾನದ ಚೌಕಿಯಲ್ಲಿ ಕಿರೀಟವನ್ನು ಹಿಂಬದಿಯಿಂದ ನೋಡಿದವರಿಗೆ ಇದು ಹೊಸತಲ್ಲ. ಮುಂದೆ ಬಂಗಾರದ ಬೇಗಡೆ, ಹಿಂದೆ ಹಗುರು ಕಟ್ಟಿಗೆ, ದಾರ, ಗಂಟು. ಸುಗ್ಗಿಯಲ್ಲಿ ಹಾಲಕ್ಕಿ ಗೌಡರು ತಲೆಗೇರಿಸುವ ತುರಾಯಿಯೂ ಹೀಗೆಯೇ, ಹೊತ್ತವನ ದೇಹಕ್ಕಿಂತ ವೇಷದ್ದೇ ಎತ್ತರ. ಇದನ್ನು ಮೋಸ ಅನ್ನಬಾರದು. ರಂಗದಲ್ಲಿ ಕಿರೀಟ ಎಷ್ಟು ನಿಜವೋ ಈ ಮುಖವೂ ಅಷ್ಟೇ ನಿಜ. ಆದರೆ ಚೌಕಿಗೆ ಹೋಗಿ ನೋಡಿದವನಿಗೆ ವೇಷ ಕಟ್ಟುವವನ ಮೇಲೆ ಗೌರವ ಹೆಚ್ಚುತ್ತದಲ್ಲ, ಹಾಗೆ ಇಲ್ಲಿಯೂ ಬದಿಯಿಂದ ಒಮ್ಮೆ ನೋಡಬೇಕು. ಸಾಲಾಗಿ ಫೋಟೋ ತೆಗೆಯುವವರು ಎದುರಿಗೇ ನಿಂತು ಹೋಗುತ್ತಾರೆ.

ಆ ಮುಖದ ಎರಡು ಭುಜಗಳಲ್ಲಿ ಶಂಖದ ಹಾಗೆ ಸುತ್ತಿಕೊಂಡ ಸುರುಳಿಗಳಿರುತ್ತವೆ. ಹಲವು ಕಡೆ ಇವೆ, ಎಲ್ಲ ಕಡೆ ಇಲ್ಲ. ಈ ಸುರುಳಿಯ ಊರು ಇಟಲಿಯ ಫ್ಲಾರೆನ್ಸ್. ಅಲ್ಲಿನ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಯ ಮುಖದ ಮೇಲೆ 1470 ಎಂಬ ವರ್ಷವನ್ನು ರೋಮನ್ ಅಕ್ಷರಗಳಲ್ಲಿ ಕೆತ್ತಿದ್ದಾರೆ, ವಾಸ್ತುಶಿಲ್ಪಿ ಆಲ್ಬೆರ್ತಿ. ಒಳಗೆ ನಡುವಿನ ಅಂಕಣ ಎತ್ತರ, ಎರಡು ಪಕ್ಕದ ಸಾಲು ತಗ್ಗು. ಎದುರಿಗೆ ಮೆಟ್ಟಿಲಿನಂತೆ ಕಾಣುವ ಆ ವ್ಯತ್ಯಾಸವನ್ನು ಮುಚ್ಚಲು ಆತ ದೊಡ್ಡ ಸುರುಳಿ ಇಟ್ಟ. ಮುಂದೆ ರೋಮಿನ ಜೆಸುಯಿಟರ ಇಗರ್ಜಿಗೆ, ಅಲ್ಲಿಂದ ಗೋವೆಗೆ, ಗೋವೆಯಿಂದ ಕಾಳಿ ನದಿ ದಾಟಿ ನಮ್ಮಲ್ಲಿಗೆ. ತಮಾಷೆ ಏನೆಂದರೆ ನಮ್ಮ ಸಣ್ಣ ಇಗರ್ಜಿಗಳಲ್ಲಿ ಪಕ್ಕದ ತಗ್ಗು ಸಾಲುಗಳೇ ಇಲ್ಲ, ಒಂದೇ ಉದ್ದನೆಯ ಕೋಣೆ. ಸುರುಳಿಗೆ ಮುಚ್ಚಬೇಕಾದ್ದೇ ಇರಲಿಲ್ಲ. ಹಾಗೆಂದು ಅದನ್ನು ಬಿಡಲಿಲ್ಲ. ಇಳಿಮಾಡಿನ ಓರೆಯನ್ನು ಮರೆಮಾಡುವ ಹೊಸ ಕೆಲಸಕ್ಕೆ ಹಚ್ಚಿದರು. ದುಬೈಗೆ ಹೋಗಿ ಬಂದವನು ಅಲ್ಲಿನ ಕೆಲಸ ಇಲ್ಲಿ ಇಲ್ಲವೆಂದು ಅಂಗಡಿ ಹಾಕಿಕೊಳ್ಳುವುದಿಲ್ಲವೆ, ಹಾಗೆ.

ನಮ್ಮ ಚುಟುಕದ ಕವಿ ದಿನಕರ ದೇಸಾಯರನ್ನು ಇಲ್ಲಿ ನೆನೆಯದೆ ಮುಂದೆ ಹೋದರೆ ಅಂಕೋಲೆಯಲ್ಲಿ ಅಪರಾಧವಾದೀತು. ಚುಟುಕದಲ್ಲಿ ಮೂರು ಸಾಲು ಅಚ್ಚುಕಟ್ಟಾಗಿ ಕಟ್ಟಿ ನಾಲ್ಕನೆಯದರಲ್ಲಿ ಹೊಡೆಯಬೇಕು. ಹಳೆ ಗೋವೆಯ ಬಾಂ ಜೀಸಸ್ ಇಗರ್ಜಿಯ ಎದುರು ನಿಂತಾಗ ನನಗೆ ಅದು ನೆನಪಾಯಿತು. ಕೆಳಗಿನ ಅಂತಸ್ತಿನಲ್ಲಿ ಮೂರು ಬಾಗಿಲು, ಅದರ ಮೇಲೆ ಆಯತದ ಕಿಟಕಿಗಳು, ಅದರ ಮೇಲೆ ಗುಂಡು ಕಿಟಕಿಗಳು. ಮೂರು ಸಾಲಾಯಿತು. ನಾಲ್ಕನೆಯದಾಗಿ ನೆತ್ತಿಯ ಫಲಕ, ಅದರ ನಡುವೆ ಜೆಸುಯಿಟರ ಮೂರಕ್ಷರದ ಮುದ್ರೆ. ಅಲ್ಲಿಯವರೆಗೆ ತಡೆದುಕೊಂಡ ಕುಸುರಿಯೆಲ್ಲ ಕೊನೆಯ ಸಾಲಿನಲ್ಲಿ ಸುರಿದುಬಿಟ್ಟಿದ್ದಾರೆ.

ಬಾಂ ಜೀಸಸ್ ಬಗ್ಗೆ ಇನ್ನೂ ಹೇಳುವುದಿದೆ. ಅಂಕೋಲೆ, ಕಾರವಾರದವರು ಡಿಸೆಂಬರ್ 3ರ ಫೆಸ್ತಿಗೆ ಅಲ್ಲಿಗೆ ಹೋಗುತ್ತಾರೆ. ನಮ್ಮಂಥ ಹಿಂದೂಗಳೂ ಹೋಗುತ್ತೇವೆ, ಬರುವಾಗ ಗೋಡಂಬಿ ತರುತ್ತೇವೆ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಇಗರ್ಜಿ. ಗೋವೆಯ ಹೆಚ್ಚಿನ ಇಗರ್ಜಿಗಳು ಬೆಳ್ಳಗಿರುವಾಗ ಅದು ಕೆಂಪು. “ಅಷ್ಟು ಹಳೆಯದು, ಅದಕ್ಕೇ ಹಾಗೆ” ಎಂದು ನಾನು ಮಕ್ಕಳಿಗೆ ಪ್ರವಾಸದಲ್ಲಿ ವಿವರಿಸಿದ್ದೂ ಉಂಟು. ಸುಳ್ಳು. ಮೊದಲು ಅದರ ಮೈಮೇಲೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಪೋರ್ಚುಗೀಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಕಟ್ಟಡ ಪುರಾತನವಾಗಿ ಕಾಣಲಿ ಎಂಬ ಆಸೆಗೆ ಗಾರೆ ಕಿತ್ತು ಕಲ್ಲನ್ನು ಬತ್ತಲೆ ಮಾಡಿದರು. ಅಲ್ಲಿಂದೀಚೆ ಪ್ರತಿ ಮಳೆಗಾಲವೂ ಆ ಕಲ್ಲನ್ನು ತಿನ್ನುತ್ತಿದೆ. ಗಾರೆ ಮತ್ತೆ ಬಳಿಯಬೇಕೆಂದು ಕೆಲವರು, ಕೆಂಪೇ ಅದರ ಗುರುತಾಗಿಬಿಟ್ಟಿದೆ ಎಂದು ಕೆಲವರು. ನನ್ನನ್ನು ಕೇಳಿದರೆ ಬಳಿಯಬೇಕು. ಅಂಗಿ ಕಳಚಿ ಮಳೆಯಲ್ಲಿ ನಿಲ್ಲಿಸಿದವನಿಗೆ ಅದೇ ನಿನ್ನ ಗುರುತು ಅನ್ನುವುದು ನ್ಯಾಯವಲ್ಲ.

ಆ ಕೆಂಪು ಕಲ್ಲು ಯಾವುದು? ನಮ್ಮ ಚಿರೇಕಲ್ಲೇ. ನಿಮ್ಮ ಬಾವಿಯ ಕಟ್ಟೆ, ಹಿತ್ತಲ ಪಾಗಾರ, ಶಾಲೆಯ ಪಂಚಾಂಗ ಎಲ್ಲ ಅದೇ. ನೆಲದೊಳಗಿರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮೇಲೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಬರೆಯಲು ಕಂಪನಿ ಸರ್ಕಾರ ಕಳಿಸಿದ ವೈದ್ಯ. ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲು ಕಡಿಯುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಶಬ್ದದಿಂದ ಹೆಸರು ಮಾಡಿಕೊಂಡ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆ ಹೆಸರು ಮೊದಲು ಬಂತು. ಅಂಗಡಿಪುರದಿಂದ ಮುಂದೆ ಕರಾವಳಿ ಹಿಡಿದು ಉತ್ತರಕ್ಕೆ ಬಂದವನು 1801ರಲ್ಲಿ ಗೋಕರ್ಣ ದಾಟಿ ನಮ್ಮ ಅಂಕೋಲೆಯ ಮೇಲೆಯೇ ಸದಾಶಿವಗಡಕ್ಕೆ ಹೋದ. ಜಗತ್ತಿನ ಭೂಗರ್ಭಶಾಸ್ತ್ರಕ್ಕೆ ಆ ಶಬ್ದ ಕೊಟ್ಟವನ ಕಾಲು ನಮ್ಮ ಕೆಂಪು ಧೂಳಿನಲ್ಲಿ ನಡೆದಿದೆ.

ಹೀಗಾಗಿ ವಿನ್ಯಾಸ ಫ್ಲಾರೆನ್ಸಿನದಿರಲಿ, ಕಲ್ಲು ಇಲ್ಲಿಯದು. ಸುಣ್ಣವೂ ಇಲ್ಲಿಯದೇ. ಅಘನಾಶಿನಿಯ ಅಳಿವೆಯಂಥ ಕಡೆ ಬಳಚಿನ ಚಿಪ್ಪು ಎತ್ತಿ, ಭಟ್ಟಿಯಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿದ ಸುಣ್ಣ. ಮರಳಿನ ಜತೆ ಗಾಣದಲ್ಲಿ ಅರೆದು, ಬೆಲ್ಲದ ನೀರು ಬೆರೆಸಿ ಗಾರೆ. ನಾವು ಬಳಚಿನ ಮಾಂಸ ತಿಂದೆವು, ಚಿಪ್ಪನ್ನು ದೇವರ ಮನೆಗಳು ತಿಂದವು. ಗುಡಿ, ಮಸೀದಿ, ಇಗರ್ಜಿ, ಒಂದೂ ಬಿಡದೆ.

ಮಾಡಿನ ಹಂಚು ಇದಕ್ಕಿಂತ ಈಚಿನದು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದಕ್ಕೂ ಮೊದಲು ನಾಡಹಂಚು, ಅದಕ್ಕೂ ಮೊದಲು ಹುಲ್ಲು. ಮಾಡು ಬದಲಾದಾಗ ಇಳಿಜಾರೂ ಬದಲಾಗುತ್ತದೆ. ಹಳೆಯ ಗೋಡೆಯ ಹಿಂಬದಿಯಲ್ಲಿ, ಈಗಿನ ಮಾಡಿಗಿಂತ ಬೇರೆಯದೇ ಓರೆಯಲ್ಲಿ ಒಂದು ಮಸುಕು ಗೆರೆ ಕಂಡರೆ ಅದು ತೀರಿಹೋದ ಮಾಡಿನ ಗುರುತು. ನಾನು ಆ ದಿನ ಮಾವಿನ ಮರದಡಿಯಿಂದ ಸರಿದು ಹಿಂದಕ್ಕೆ ಹೋದಾಗ ಅಂಥದೊಂದು ಕಂಡೆ.

ಆ ಇಗರ್ಜಿಯ ಮುಂದೆ ಏನೇನು ಕಂಡೆನೆಂದು ಹೇಳುತ್ತೇನೆ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಬೇಸರ. ಮಕ್ಕಳು ನನ್ನ ತರಗತಿಯಲ್ಲಿ ಯಾಕೆ ಕಿಟಕಿಯ ಹೊರಗೆ ನೋಡುತ್ತಿದ್ದರೆಂದು ಅರ್ಥವಾಯಿತು. ಆಮೇಲೆ, ನೆಲದಿಂದ ಮೊಣಕಾಲೆತ್ತರಕ್ಕೆ ಗೋಡೆಯುದ್ದಕ್ಕೂ ಒಂದು ತೇವದ ಗೆರೆ. ಅದರ ಕೆಳಗೆ ಬಣ್ಣ ಹಪ್ಪಳದಂತೆ ಎದ್ದಿದೆ. ಗೆರೆಯ ಮೇಲೆ ಒಂದು ಕಡೆ ಚೌಕಾಕಾರದ ಸಿಮೆಂಟಿನ ತೇಪೆ, ಅದರ ಸುತ್ತ ಮಾತ್ರ ಹೊಸ ಬಿರುಕು. ಮೂಲೆಗಲ್ಲು ಎಂದು ನಾನು ಅಂದುಕೊಂಡದ್ದು ಕಲ್ಲಲ್ಲ, ಗಾರೆಯ ಮೇಲೆ ಬೂದುಬಣ್ಣದಲ್ಲಿ ಬರೆದ ಕಲ್ಲು. ಕಲ್ಲಿನಿಂದ ಕಟ್ಟಿ, ಕಲ್ಲನ್ನು ಗಾರೆಯಿಂದ ಮುಚ್ಚಿ, ಗಾರೆಯ ಮೇಲೆ ಕಲ್ಲಿನ ಚಿತ್ರ ಬಿಡಿಸಿದ್ದಾರೆ! ಚಿತ್ರದ ಮಾಸ್ತರನಿಗೆ ಇದಕ್ಕಿಂತ ಸುಖ ಬೇಕೆ? ಕೊಂಚ ಮೇಲೆ, ಗುಂಡು ಕಿಟಕಿಯ ಹುಬ್ಬಿನಲ್ಲಿ ಅಶ್ವತ್ಥದ ಸಸಿ, ಎರಡೇ ಎಲೆ. ಎಲೆ ಎರಡಿದ್ದರೆ ಬೇರು ಎಷ್ಟು ಒಳಗೆ ಹೋಗಿದೆಯೋ. ಘಂಟೆಯ ಹಗ್ಗ ಇಳಿಯುವ ತೂತಿನ ಅಂಚು ಒಂದೇ ಬದಿಗೆ ಸವೆದಿತ್ತು, ಎಳೆಯುವವನು ಸದಾ ಅದೇ ಮೂಲೆಯಲ್ಲಿ ನಿಲ್ಲುತ್ತಿದ್ದನೆಂದು ತೋರುವ ಹಾಗೆ. ಬಾಗಿಲ ಚೌಕಟ್ಟಿನ ಬಳಿ ಸುಣ್ಣದ ಒಂದು ಹೆಕ್ಕಳಿಕೆ ಉಗುರಿಗೆ ಸಿಕ್ಕಿತು. ಫೆಸ್ತಿಗೆ ಮುಂಚೆ ವರ್ಷಕ್ಕೊಮ್ಮೆ ಬಳಿಯುತ್ತಾರೆ, ಪದರ ಮೇಲೆ ಪದರ. ಹದಿನೇಳರವರೆಗೆ ಎಣಿಸಿದೆ. ನಡುವೆ ಎಲ್ಲೋ ತಿಳಿಗುಲಾಬಿ ಬಣ್ಣದ ಒಂದು ಎಳೆ. ಯಾವ ವರ್ಷ, ಯಾರ ಹುಕಿ?

ಆ ತೇವದ ಗೆರೆಯ ವಿಷಯ ನನ್ನ ತಲೆಯಲ್ಲಿ ಉಳಿಯಿತು. ಆಮೇಲೆ ಗಾರೆ ಕೆಲಸ ಬಲ್ಲ ಹಿರಿಯರನ್ನು ಕೇಳಿ ತಿಳಿದುಕೊಂಡೆ. ಚಿರೇಕಲ್ಲು ತೂತು ತೂತಿನ ಕಲ್ಲು, ನೆಲದ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಿದ್ದರೆ ಆ ನೀರು ಬಿಸಿಲಿಗೆ ಆವಿಯಾಗಿ ಹೊರಟುಹೋಗುತ್ತದೆ, ಗೋಡೆ ಉಸಿರಾಡುತ್ತದೆ. ಸಿಮೆಂಟು ಬಳಿದರೆ, ಅಥವಾ ಪ್ಲಾಸ್ಟಿಕ್ಕಿನಂಥ ಪೇಂಟು ಹೊಡೆದರೆ ದಾರಿ ಕಟ್ಟಿತು. ನೀರು ಇನ್ನೂ ಮೇಲಕ್ಕೆ ಹತ್ತಿ ಬೇರೆ ಸಂದು ಹುಡುಕುತ್ತದೆ. ನೀರಿನ ಜತೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಒಳಗಿನಿಂದ ನೂಕುತ್ತದೆ. ಉಪ್ಪಿನ ಬಲವನ್ನು ಅಂಕೋಲೆಯವರಿಗೆ ನಾನು ಹೇಳಬೇಕಾಗಿಲ್ಲ. 1930ರ ಏಪ್ರಿಲ್‌ನಲ್ಲಿ ಇಲ್ಲಿಯ ಜನ ಒಂದು ಹಿಡಿ ಉಪ್ಪಿನಿಂದ ಸಾಮ್ರಾಜ್ಯವನ್ನು ನೂಕಿದವರು. ಗೋಡೆ ಎಷ್ಟರದು. ನಮ್ಮ ಇಗರ್ಜಿಗಳಿಗೂ ಗುಡಿಗಳಿಗೂ ಇವತ್ತು ಬಂದಿರುವ ರೋಗ ಮುಪ್ಪಲ್ಲ, ಭಕ್ತರ ಪ್ರೀತಿ. ಪ್ರೀತಿಯಿಂದ ಸಿಮೆಂಟು ಬಳಿಯುತ್ತಾರೆ, ಟೈಲ್ಸ್ ಹಚ್ಚುತ್ತಾರೆ, ಮುಂದೆ ತಗಡಿನ ಚಪ್ಪರ ಎಳೆದು ಇಡೀ ಮುಖವನ್ನೇ ಮುಚ್ಚುತ್ತಾರೆ. ಮಳೆಗೆ ನೆನೆಯದೆ ನಿಲ್ಲಲು ಜಾಗ ಬೇಕು, ಒಪ್ಪುತ್ತೇನೆ. ಮುಂದಲ್ಲದೆ ಬದಿಗೆ ಹಾಕಿದ್ದರೆ ಆಗುತ್ತಿರಲಿಲ್ಲವೆ?

ಮಳೆ ಅಂದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ, ನೈಋತ್ಯದಿಂದ ಬೀಸುವ ಗಾಳಿಯ ಜತೆ ಅಡ್ಡಡ್ಡ ಬೀಳುವ ಮಳೆ. ಕ್ರೈಸ್ತರ ಹಳೆಯ ಪದ್ಧತಿಯಲ್ಲಿ ಬಲಿಪೀಠ ಪೂರ್ವಕ್ಕಿರಬೇಕು. ಆಗ ಬಾಗಿಲು ಪಶ್ಚಿಮಕ್ಕೆ, ಅಂದರೆ ನಮ್ಮಲ್ಲಿ ಕಡಲಿಗೆ. ಯೂರೋಪಿನಲ್ಲಿ ಆ ಪದ್ಧತಿಯಿಂದ ಇಷ್ಟು ನಷ್ಟವಿರಲಿಲ್ಲ. ಇಲ್ಲಿ ಇಗರ್ಜಿಯ ಅತಿ ಸುಂದರ ಭಾಗವೇ ಜೂನ್ ತಿಂಗಳ ಹೊಡೆತಕ್ಕೆ ಎದೆಯೊಡ್ಡಿ ನಿಲ್ಲಬೇಕು. ನಮ್ಮ ಅಜ್ಜಂದಿರು ಮಣ್ಣಿನ ಮನೆಯ ಪಡುಗೋಡೆಗೆ ಮಳೆಗಾಲದಲ್ಲಿ ಮ‌ಡಲಿನ ತಟ್ಟಿ ಕಟ್ಟುತ್ತಿದ್ದರು. ಮನೆಗೆ ತಟ್ಟಿ ಕಟ್ಟಬಹುದು, ದೇವರ ಮನೆಯ ಮುಖಕ್ಕೆ ಹೇಗೆ ಕಟ್ಟುವುದು? ಅದಕ್ಕೇ ಗಾರೆಯ ಪಟ್ಟಿಗಳು ಅಷ್ಟು ದಪ್ಪ, ಅಷ್ಟು ಮುಂದಕ್ಕೆ ಚಾಚಿದವು. ಅಲಂಕಾರ ಎಂದು ನಾವು ನೋಡುವ ಅಡ್ಡಪಟ್ಟಿ ನೀರನ್ನು ಗೋಡೆಯಿಂದ ಆಚೆ ತೊಟ್ಟಿಕ್ಕಿಸುವ ಸೂರು. ನಂತರದ ಕಾಲದಲ್ಲಿ ದಿಕ್ಕಿನ ಕಟ್ಟುನಿಟ್ಟೂ ಸಡಿಲವಾಯಿತು, ದಾರಿಗೆ ಮುಖ ಮಾಡಿದ ಇಗರ್ಜಿಗಳೂ ಬೇಕಾದಷ್ಟಿವೆ. ಗೋಪುರದ ವಿಷಯಕ್ಕೆ ಬಂದರೆ, ಹಳೆ ಗೋವೆಯ ಸೇ ಕ್ಯಾಥೆಡ್ರಲ್ಲಿನ ಒಂದು ಗೋಪುರ 1776ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ಒಂಟಿ ಗೋಪುರದಲ್ಲೇ ಇವತ್ತಿಗೂ ಅದು ಘನವಾಗಿ ನಿಂತಿದೆ. ನನ್ನ ಹೆದ್ದಾರಿಯ ಇಗರ್ಜಿಗೆ ಎರಡನೆಯ ಗೋಪುರ ಬಿದ್ದಿತ್ತೋ, ದುಡ್ಡು ಮುಗಿದಿತ್ತೋ? ಬುಡದ ಮೇಲೆ ಕೂಡಿಸಿದ ಆ ಪುಟ್ಟ ಕಳಸ ಮಾತ್ರ ಯಾವ ದುಃಖವನ್ನೂ ತೋರುತ್ತಿರಲಿಲ್ಲ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಳದಿಯ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಪೋರ್ಚುಗೀಸರೊಡನೆ ಆದ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಕಲ್ಯಾಣಪುರದಂಥ ಕಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಕರಿಮೆಣಸು, ಅಕ್ಕಿಯ ವ್ಯಾಪಾರದ ಜತೆಗೇ ಬಂದ ಅನುಮತಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ಅನೇಕ ಇಗರ್ಜಿಗಳು ನೆಲಸಮವಾದವು. 1799ರ ನಂತರ ಮರಳಿದವರು ಮತ್ತೆ ಕಟ್ಟಿದರು. ಹಾಗಾಗಿ ಕೆನರಾದಲ್ಲಿ ಇಗರ್ಜಿಯ ಬಾಗಿಲ ಮೇಲೆ ಬರೆದ ವರ್ಷ ಒಂದು, ಗೋಡೆಯ ವಯಸ್ಸು ಇನ್ನೊಂದು ಆಗಿರುವುದುಂಟು. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೆ ಇಲ್ಲಿಯ ಇಗರ್ಜಿಗಳ ಕಾಗದಪತ್ರ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಆಗುವವರೆಗೂ ಗೋವೆಗೇ ಹೋಗುತ್ತಿತ್ತು. ಕಾರವಾರಕ್ಕೆ ಸ್ವಂತ ಬಿಷಪ್ ಬಂದದ್ದು 1976ರಲ್ಲಿ. ಕಾಳಿಯ ಆಚೆ ಗಡಿ ಇತ್ತು, ಸುಂಕದ ಕಟ್ಟೆ ಇತ್ತು, ಸುರುಳಿಗೆ ಮಾತ್ರ ಸುಂಕ ಇರಲಿಲ್ಲ.

ಹೊರಗಿನಿಂದಷ್ಟೇ ನೋಡಬಹುದಾದ ಇಗರ್ಜಿ ನಮಗೊಂದು ಇದೆ. ಬಿಣಗಾ, ಅರ್ಗಾದ ಎದುರಿನ ಅಂಜದೀವ್. ವಾಸ್ಕೋ ಡ ಗಾಮ 1498ರಲ್ಲಿ ಹಡಗು ದುರಸ್ತಿಗೆ ನಿಲ್ಲಿಸಿದ ದ್ವೀಪ. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿ ಬೇಗನೆ ಬಿಟ್ಟರು, 1682ರಲ್ಲಿ ಮತ್ತೆ ಕಟ್ಟಿದರು. ಬ್ರೋತಾಸ್ ಮಾತೆಯ ಇಗರ್ಜಿ ಅಲ್ಲಿದೆ. ಲೆಕ್ಕಕ್ಕೆ ಗೋವೆಗೆ ಸೇರಿದ್ದು, ಕಣ್ಣಿಗೆ ನಮ್ಮದು. ಸೀಬರ್ಡ್ ನೌಕಾನೆಲೆ ಬಂದ ಮೇಲೆ ಅಲೆತಡೆ ಗೋಡೆ ದ್ವೀಪವನ್ನು ನೆಲಕ್ಕೆ ಜೋಡಿಸಿತು. ನೆಲಕ್ಕೆ ಜೋಡಣೆಯಾದರೂ ಜನಕ್ಕೆ ದೂರವಾಯಿತು, ಸಾಮಾನ್ಯರಿಗೆ ಪ್ರವೇಶವಿಲ್ಲ.

ಹೊರಗೆ ನಿಂತು ನೋಡುವುದನ್ನು ನಾನು ಹೀಗೆ ಹೊಗಳುತ್ತಿರುವಾಗ ಒಂದು ಮುಜುಗರವೂ ಆಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ನನಗೆ ಹೊರಗೆ ನಿಲ್ಲುವುದು ಸಂಕೋಚ, ಬೇಕಿದ್ದರೆ ಒಳಗೆ ಹೋಗಬಹುದಿತ್ತು. ನಮ್ಮ ಊರುಗಳಲ್ಲಿ ದೇವಸ್ಥಾನದ ಹೊರಗೋಡೆಯನ್ನು ಅತಿ ಹೆಚ್ಚು ಹೊತ್ತು ನೋಡಿದವರು ಒಳಗೆ ಪ್ರವೇಶ ಸಿಗದವರೇ ಇರಬೇಕು. ಉಡುಪಿಯಲ್ಲಿ ಕನಕದಾಸರು ನಿಂತದ್ದು ಪಡುಗೋಡೆಯ ಆಚೆ. ಗೋಡೆ ಬಿರಿದ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಬಿರಿಯುವ ಮೊದಲು ಆತ ಎಷ್ಟು ದಿನ ಯಾವ ಕಲ್ಲನ್ನು ನೋಡಿದ ಎಂದು ಯಾರೂ ಕೇಳಲಿಲ್ಲ. ಇಗರ್ಜಿಯ ಒಳಗೆ ಹೋದವರನ್ನೂ ಜಾತಿ ಬಿಡಲಿಲ್ಲ, ಗೋವೆಯಿಂದ ಮಂಗಳೂರಿನವರೆಗೆ ಅದೂ ಗೊತ್ತಿರುವ ಸಂಗತಿ.

ತಾಯಿಯನ್ನು ಕಳೆದುಕೊಂಡ ಆ ಸಹೋದ್ಯೋಗಿಗೆ ಎಷ್ಟೋ ತಿಂಗಳ ಮೇಲೆ ಹೇಳಿದೆ: ಆ ದಿನ ಒಳಗೆ ಬರಲಿಲ್ಲ, ತಪ್ಪು ತಿಳಿಯಬೇಡಿ, ನಿಮ್ಮ ಇಗರ್ಜಿಯ ಗೋಡೆ ನೋಡುತ್ತ ನಿಂತುಬಿಟ್ಟೆ. ಅವರು ನಕ್ಕರು. “ಬಂಡಿ ಹಬ್ಬಕ್ಕೆ ಬಂದರೆ ನಾನೂ ನಿಮ್ಮ ಗುಡಿಯ ಹೊರಗೇ ನಿಲ್ಲುವುದು, ಮಾಸ್ತರೆ. ಅಪ್ಪ ಮಾತ್ರ ಹಾಗಲ್ಲ, ಮೇಲಿನಿಂದ ನೋಡಿದವ.” ಅವರ ಅಪ್ಪ ಮರಗೆಲಸದವರು. ಸುತ್ತಲಿನ ಎಷ್ಟೋ ಗುಡಿಗಳ ಮಾಡಿಗೆ ಪಕಾಸಿ ಹೊಡೆದು ಹಂಚು ಹೊದಿಸಿದವರು. ಗರ್ಭಗುಡಿಯನ್ನು ಕಂಡವರಲ್ಲ, ಅದರ ಮೇಲೆ ಎಲ್ಲಿ ಸೋರುತ್ತದೆ ಎಂದು ಬಲ್ಲವರು. ಹಾಗೆಯೇ ಇಗರ್ಜಿಯ ಚಿರೇಕಲ್ಲು ಕಡಿದವರೂ ಸುಣ್ಣ ಸುಟ್ಟವರೂ ಎಲ್ಲರೂ ಕ್ರೈಸ್ತರೇ ಆಗಿದ್ದರೆಂದು ಯಾರು ಹೇಳಿಯಾರು? ಒಳಗಿನದು ನಂಬಿದವರಿಗೆ ಸೇರಿದ್ದು. ಹೊರಗಿನದಕ್ಕೆ ದಾರಿಹೋಕನೂ ಪಾಲುದಾರ, ಕಟ್ಟಿದವನ ಮೊಮ್ಮಗನಂತೂ ಇದ್ದೇ ಇದ್ದಾನೆ.

ಹೊರಗನ್ನಷ್ಟೇ ನೋಡಿದ ಇನ್ನೊಬ್ಬನಿದ್ದಾನೆ. ಫ್ರಾನ್ಸಿನಲ್ಲಿ ಮೊನೆ ಎಂಬ ಚಿತ್ರಕಾರ 1892 ಮತ್ತು 1893ರಲ್ಲಿ ರೂಆ ಎಂಬ ಊರಿನ ಕ್ಯಾಥೆಡ್ರಲ್ಲಿನ ಎದುರು ಬಾಡಿಗೆ ಕೋಣೆ ಹಿಡಿದು ಕುಳಿತ. ಬರೆದದ್ದು ಮೂವತ್ತಕ್ಕೂ ಹೆಚ್ಚು ಚಿತ್ರ, ಬಹುತೇಕ ಎಲ್ಲವೂ ಅದೇ ಮುಖದವು. ಒಂದರಲ್ಲಿ ಮಂಜು, ಒಂದರಲ್ಲಿ ಸುಡುಬಿಸಿಲು, ಒಂದರಲ್ಲಿ ಸಂಜೆ. ಬೆಳಕು ಸರಿದ ಹಾಗೆ ಒಂದು ಕ್ಯಾನ್ವಾಸು ಇಳಿಸಿ ಇನ್ನೊಂದು ಏರಿಸುತ್ತಿದ್ದ. 1895ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳಲ್ಲಿ 20 ಚಿತ್ರಗಳನ್ನು ಒಟ್ಟಿಗೆ ತೂಗುಹಾಕಿದ. ಆತ ಭಕ್ತನಲ್ಲ. ಒಳಗಿನ ಒಂದು ಕಂಬವನ್ನೂ ಆ ಸಾಲಿನಲ್ಲಿ ಬರೆಯಲಿಲ್ಲ. ರೂಆದ ಮುಖವೂ ಪಶ್ಚಿಮಕ್ಕಿದೆ, ಆದ್ದರಿಂದ ಬೆಳಿಗ್ಗೆ ನೆರಳು, ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು.

ಕಾರ್ಯಕ್ರಮವನ್ನು ಮೂರೂವರೆಗೆ ತರಿಸಿದ ಕಾರಣ ಇದೇ. ಈಗ ನಾಲ್ಕೂ ಮುಕ್ಕಾಲು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕಡಲಿಗೆ ಬೆನ್ನು ಮಾಡಿ ಪಡುಮುಖದ ಗೋಡೆಯೆದುರು ನಿಂತರೆ ಈ ಹೊತ್ತಿಗೆ ಬಿಸಿಲು ಬಲಹೆಗಲ ಮೇಲಿಂದ ಓರೆಯಾಗಿ ಬೀಳುತ್ತದೆ. ಪ್ರತಿ ಪಟ್ಟಿಗೂ ಪ್ರತಿ ಸುರುಳಿಗೂ ಅದರ ನೆರಳು ಅಂಟಿರುತ್ತದೆ, ಮಧ್ಯಾಹ್ನ ಚಪ್ಪಟೆಯಾಗಿದ್ದ ಗೋಡೆಗೆ ಮೈ ಬಂದಿರುತ್ತದೆ. ಇನ್ನು ಒಂದು ತಾಸು, ಆಮೇಲೆ ಬಣ್ಣ ಉಳಿದು ನೆರಳು ಹೋಗುತ್ತದೆ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಇದೊಂದೂ ಇಲ್ಲ, ಇಡೀ ಮುಖ ತಂಪಾದ ನೆರಳಿನಲ್ಲಿ ಇರುತ್ತದೆ. ಅದನ್ನು ನೋಡುವ ರೀತಿಯೇ ಬೇರೆ.

ನಮ್ಮ ಅಂಕೋಲೆಯ ಇಗರ್ಜಿಯ ಬಾಗಿಲು ಯಾವ ದಿಕ್ಕಿಗಿದೆ? ಹುಟ್ಟಿದಾಗಿನಿಂದ ಇಲ್ಲಿರುವವರು ಹೇಳಬೇಕು. ಕೈ ಎತ್ತಿ, ಜೋರಾಗಿ ಹೇಳಿ.

(ಸಭೆಯಿಂದ ಮೂರು ದಿಕ್ಕುಗಳ ಹೆಸರು ಕೇಳಿಬಂದವು. ಉಪನ್ಯಾಸಕರು ಚಹಾ ಆಮೇಲೆ ಕುಡಿಯೋಣವೆಂದು ವೇದಿಕೆಯಿಂದ ಇಳಿದರು.)